ಉಡಿಗೆ ಸಕ್ಕರೆ

ದೀಪಾವಳಿ ರಜೆಗೆಂದು ನನ್ನ ಮಗ ಅಪ್ಪಾಸಾಬ, ಹೆಂಡತಿ ಸುಸಲವ್ವನನ್ನೂ ಮಗ ಗುರುಲಿಂಗನನ್ನೂ ಕಟ್ಟಿಕೊಂಡು ಸಿಂದಗಿಯಿಂದ ಗೋವೆಯ ಸಾವರ್ಡೆಗೆ ಬಂದ. ಇಲ್ಲಿ ನಾನು ಮಗಳು ಗೀತಾಂಜಲಿಯ ಜೊತೆ ಇರುತ್ತೇನೆ. ಅಳಿಯ ತೀರಿಕೊಂಡ ಮೇಲೆ ಅವಳು ಕುಂಕಳ್ಳಿಯ ಮೀನಿನ ಕಾರ್ಖಾನೆಯಲ್ಲಿ ಸಿಗಡಿ ಸುಲಿದು ಮಗಳು ಅಂಬಿಕಾಳನ್ನು ನರ್ಸಿಂಗ್ ಓದಿಸಿದಳು. ಸಂಕ್ರಾಂತಿ ಮುಗಿದ ಮೇಲೆ ಅಂಬಿಕಾ ಇನ್ನೂ ಓದಲಿಕ್ಕೆ ಜರ್ಮನಿಗೆ ಹೊರಟವಳು. ಒಲೆ ಮುಂದೆ ಕೂತರೂ ಆ ದೇಶದ ಮಾತನ್ನೇ ಗುನುಗುತ್ತಾಳೆ. ಅಲ್ಲಿ ಹಿಮ ಬೀಳುತ್ತದಂತೆ. ಅದನ್ನು ಮುಟ್ಟಿ ನೋಡಿ ಮೊದಲು ನನಗೇ ಫೋನ್ ಮಾಡುತ್ತಾಳಂತೆ.

ಅಪ್ಪಾಸಾಬ ಈ ಮನೆ ಮೆಟ್ಟಿ ಯಾವ ಕಾಲವಾಗಿತ್ತೋ. ಹಿಂದೊಮ್ಮೆ ಬಂದಾಗ, ತಂಗಿ ಕೊಟ್ಟ ನೀರಿನ ಚೊಂಬನ್ನು ಮೂಗಿನ ಹತ್ತಿರ ಒಯ್ದು, "ಮೀನ ನಾರ್ತೈತಿ" ಅಂತ ಅಂಗಳಕ್ಕೆ ಚೆಲ್ಲಿದ್ದ. ಅಂಬಿಕಾ ಆಗ ಬಾಗಿಲ ಹಿಂದೆ ನಿಂತಿದ್ದ ಕೂಸು. "ಈ ಕರಿ ಹುಡುಗೀನ ಯಾರ ಮಾಡ್ಕೊಂಡಾರು?" ಅಂದಿದ್ದ. ನಾನು ಮರೆಯುವವಳಲ್ಲ; ಆಡಿ ತೋರಿಸುವವಳೂ ಅಲ್ಲ.

ಈ ಸಲ ನೀರು ಕೇಳಿ ಇಸಿದುಕೊಂಡು ಗಟಗಟ ಕುಡಿದ. ಬಾಂಗಡೆ ಹುರಿದಿಟ್ಟರೆ ಮುಳ್ಳು ಚೀಪಿ, ಬೆರಳು ನೆಕ್ಕಿ, ತಾಟಿನ ಅಂಚಿಗೇ ಉಗುಳಿದ. ಅಪ್ಪ ಮಗ ಕೂಡಿ ಬೀಚಿಗೆ ಹೋಗಿ ಬಂದು, ಅಲ್ಲಿ ಸ್ನಾನಕ್ಕಿಳಿದ ಹೆಣ್ಣುಮಕ್ಕಳನ್ನು ಕದ್ದು ತೆಗೆದ ವಿಡಿಯೋ ನೋಡಿ ನಗುತ್ತ ಕೂತರು. ನಾನು ಬಂದರೂ ಫೋನ್ ಮರೆಮಾಡಲಿಲ್ಲ. ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ.

"ಅಂಬಿಕಾ, ಆ ಜರ್ಮನಿಗೆ ಗಂಡನ್ನೂ ಕರಕೊಂಡ ಹೋಗಾಕ ಬರ್ತೈತೇನ?" ಅಂತ ಗುರುಲಿಂಗ ಕೇಳಿದ.

"ಮುಂದ ಬರ್ತೈತಿ ಅಂತಾರ. ಯಾಕೋ, ಲಗ್ನ ಆಗೂ ಮೊದಲ ನಿನ್ನ ಹೇಣ್ತಿ ಹೊಂಟಾಳೇನ?" ಅಂತ ಅವಳು ನಕ್ಕಳು.

ಅವನು ನಗಲಿಲ್ಲ. ಅಪ್ಪನ ಮುಖ ನೋಡಿದ.

ತಾವು ಊರಿಗೆ ಹೊರಡುವ ದಿನ ಸುಸಲವ್ವ, "ಹುಡುಗಿ ಪರದೇಶಕ್ಕ ಹೊಂಟಾಳ, ಅತ್ತಿ ಆದಾಕಿ ಉಡಿ ತುಂಬದಿದ್ರ ಹ್ಯಾಂಗ?" ಅಂದಳು. ಹೊಸ ಸೀರೆ ಉಡಿಸಿ ಅಂಬಿಕಾಳನ್ನು ಮಣೆ ಮೇಲೆ ಕೂರಿಸಿದಳು. ಪಕ್ಕದ ಮನೆಯ ಗೋಪಪ್ಪನನ್ನೂ ಅವನ ಹೆಂಡತಿಯನ್ನೂ ಅಪ್ಪಾಸಾಬ ತಾನೇ ಹೋಗಿ ಕರೆತಂದ. ಬಸ್ಸಿಗೆ ಹೊರಟ ಗುರುಲಿಂಗನಿಗೆ ಇಸ್ತ್ರಿ ಮಾಡಿದ ಹೊಸ ಅಂಗಿ ಯಾಕೆ ಬೇಕಾಯಿತೋ ಅಂದುಕೊಂಡೆ.

ಅಕ್ಕಿ, ತೆಂಗಿನಕಾಯಿ, ಖಣ, ಎಲೆ ಅಡಿಕೆ, ಉತ್ತತ್ತಿ ಸೆರಗಿಗೆ ಬಿದ್ದವು. ಆಮೇಲೆ ಸುಸಲವ್ವ ಚೀಲದೊಳಗಿಂದ ಅರಿಶಿನದ ದಾರ ಸುತ್ತಿದ ಕಾಗದದ ಪೊಟ್ಟಣ ತೆಗೆದಳು. ಸಕ್ಕರೆ.

ಅಂಬಿಕಾ ಗೋವೆಯಲ್ಲೇ ಹುಟ್ಟಿ ಬೆಳೆದವಳು. ಇಲ್ಲಿ ಪರೀಕ್ಷೆಗೋ ಪ್ರಯಾಣಕ್ಕೋ ಹೊರಟವರ ಅಂಗೈಗೆ ಮೊಸರು ಸಕ್ಕರೆ ಹಾಕುತ್ತಾರೆ. ಅವಳು ಅದೇ ಅಂದುಕೊಂಡಳು. "ಅಯ್ಯ, ದಹೀ ಸಾಖರೇನ್ರಿ ಅತ್ತಿ? ಹಾಕ್ರಿ ಹಾಕ್ರಿ" ಅಂತ ಸೆರಗನ್ನು ಇನ್ನಷ್ಟು ಅಗಲ ಮಾಡಿದಳು.

ನಮ್ಮ ಕಡೆ ಗಂಡಿನ ತಾಯಿ ಉಡಿಗೆ ಸಕ್ಕರೆ ಹಾಕಿದ್ದನ್ನು ನಾಲ್ಕು ಮಂದಿ ನೋಡಿದರೆ ಹೆಣ್ಣು ನಿಶ್ಚಯವಾದಂತೆ. ಆಮೇಲೆ ಒಲ್ಲೆ ಅಂದವಳ ತಾಯಿ ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಚಿಕ್ಕಂದಿನಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನನ್ನು ಎಬ್ಬಿಸಿ ಕೂರಿಸಿ ಹೀಗೇ ಹಾಕಿದ್ದರು. ಬಾಯಿಗೂ ಚಿಟಿಕೆ ಇಟ್ಟಿದ್ದರು. ಏನೂ ತಿಳಿಯದೆ ಚಪ್ಪರಿಸಿದ್ದೆ.

ಗೀತಾಂಜಲಿಗೂ ತಿಳಿಯಿತು. ಆದರೆ ಅಣ್ಣನ ಮುಖ ನೋಡಿ, ನನ್ನ ಕಡೆ ತಿರುಗಿದಳು.

ಸಕ್ಕರೆ ಬೀಳುವ ಮೊದಲೇ, "ಅಂಬಿಕಾ, ಸೆರಗ ಬಿಡು" ಅಂದೆ.

"ಅಕ್ಕಿ ಚೆಲ್ತಾವ, ಆಯಿ."

"ಚೆಲ್ಲಲಿ. ಅದು ಮೊಸರ ಸಕ್ಕರಿ ಅಲ್ಲವಾ. ಗುರುಲಿಂಗನ್ನ ನಿನಗ ಗಂಟ ಹಾಕಾಕತ್ತಾರ."

ಅವಳು ಗುರುಲಿಂಗನನ್ನು ಮೇಲಿಂದ ಕೆಳಗೆ ನೋಡಿದಳು. ಎರಡೂ ಕೈ ಬಿಟ್ಟಳು. ಅಕ್ಕಿ ನೆಲದ ತುಂಬ ಹರಡಿತು. ಕಾಯಿ ಉರುಳಿ ಗೋಪಪ್ಪನ ಕಾಲಿಗೆ ಬಡಿಯಿತು.

"ತುಂಬಿದ ಉಡಿ ಚೆಲ್ಲಸ್ತೀಯೇನವ್ವಾ? ತಲಿ ಕೆಟ್ಟೈತೇನ ನಿನಗ?" ಅಪ್ಪಾಸಾಬ ಚೀರಿದ. "ಗುರುಲಿಂಗನೂ ನಿನ್ನ ಮೊಮ್ಮಗ ಅಲ್ಲೇನ? ಆಕಿ ಹಿಂದ ಅವನೂ ಸಮುದ್ರ ದಾಟಿದ್ರ ನಿನಗೇನ ಉರಿ?"

"ಓದಿ ದಾಟಲಿ. ಎಮ್ಮಿಗೆ ಉಣ್ಣಿ ಹತ್ತಿದಂಗ ಹುಡುಗಿ ಮೈಗೆ ಹತ್ಕೊಂಡ ಹೋಗೂದ ಬ್ಯಾಡ."

ಸುಸಲವ್ವ ಮುಖ ಸಿಂಡರಿಸಿದಳು. "ಮೀನ ಸುಲಿಯಾಕಿ ಮಗಳು! ನಾವ ಕೇಳಿದ್ದ ದೊಡ್ಡದಾತು."

"ನೀವ ಕೇಳಲೇ ಇಲ್ಲಲ್ರಿ ಅತ್ತಿ" ಅಂದಳು ಅಂಬಿಕಾ.

ಗೋಪಪ್ಪ ಕೆಮ್ಮಿ, ಹೆಂಡತಿಯನ್ನು ಕರೆದುಕೊಂಡು ಎದ್ದುಹೋದ.

ಆಮೇಲಿನದು ಕಣ್ಣಿಂದ ನೋಡುವಂತಿರಲಿಲ್ಲ. ಸುಸಲವ್ವ ಕಾಯಿ ಎತ್ತಿ ಚೀಲಕ್ಕೆ ಹಾಕಿದಳು. ಖಣ ಜಾಡಿಸಿ ಮಡಚಿದಳು. ನೆಲಕ್ಕೆ ಕುಕ್ಕರಿಸಿ ಅಕ್ಕಿಯೊಳಗಿನ ಉತ್ತತ್ತಿ ಆರಿಸಿದಳು. ಅಂಬಿಕಾ ಒಳಗೆ ಹೋಗಿ ಸೀರೆ ಬಿಚ್ಚಿ ತಂದುಕೊಟ್ಟರೆ, ಅದನ್ನೂ ಕಲೆ ಆಗಿದೆಯೇನೋ ಅಂತ ಬೆಳಕಿಗೆ ಹಿಡಿದು ನೋಡಿ ತುರುಕಿಕೊಂಡಳು. ಗುರುಲಿಂಗ ಆಗಲೇ ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದ. ಇವರ ಮನೆಯ ಯಜಮಾನ ನನ್ನ ಹಾಲು ಕುಡಿದು ಬೆಳೆದವನು ಅಂತ ನೆನೆದರೆ ಮೈಗೆಲ್ಲ ಹೇಸಿಗೆ ಮೆತ್ತಿಕೊಂಡಂತಾಯಿತು.

ಹೊರಡುವಾಗ ಅಪ್ಪಾಸಾಬ ರೂಢಿ ಬಿಡದೆ ನನ್ನ ಕಾಲಿಗೆ ಬಗ್ಗಿದ. ನಾನು ಕಾಲು ಸೀರೆಯೊಳಗೆ ಎಳೆದುಕೊಂಡೆ.

ಬಸ್ಸು ಬರುವುದಕ್ಕೆ ಇನ್ನೂ ಬಹಳ ತಡವಿತ್ತು. ಬಿಸಿಲು ಏರುತ್ತಿತ್ತು. ಅಷ್ಟೂ ಹೊತ್ತು ಮೂವರೂ ಹೊರಗಿನ ಕಟ್ಟೆಯ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದರು. ಬಾಗಿಲು ತೆರೆದೇ ಇತ್ತು. ನಾನು "ಒಳಗ ಬರ್ರಿ" ಅನ್ನಲಿಲ್ಲ.