ಕಂಪ್ಯೂಟರ್ ರೋಣಕ್ಕೆ ಹೋಗಿ ಬಂದದ್ದು

ಗಜೇಂದ್ರಗಡದಲ್ಲಿ ಮದುವೆ ಫೋಟೋ ತೆಗೆಯುವವರಿಗೇನೂ ಬರವಿರಲಿಲ್ಲ. ಆದರೆ ಗೋಷಾ ಪಾಲಿಸುವ ಮನೆಗಳ ಹೆಣ್ಣುಮಕ್ಕಳ ಫೋಟೋ ತೆಗೆದು, ತಿದ್ದಿ, ಮನೆಯಲ್ಲೇ ಪ್ರಿಂಟ್ ಹಾಕಿ ಆಲ್ಬಂ ಮಾಡುವವಳು ನಜ್ಮಾ ಒಬ್ಬಳೇ. ಪರಗಂಡಸರ ಕಣ್ಣಿಗೆ ಅವು ಬೀಳುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ ನರೇಗಲ್ಲಿನವರೂ ಅವಳನ್ನು ಕರೆಯುತ್ತಿದ್ದರು.

೨೦೦೯ರಲ್ಲಿ ಅವಳು ಫೋಟೋ ತಿದ್ದುವ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಳು. ಅದೋ ಮೊದಲ ದಿನದಿಂದಲೇ ಮೊಂಡುತನಕ್ಕೆ ಬಿತ್ತು. ಚಿತ್ರ ದೊಡ್ಡದು ಮಾಡಿದರೆ ಸಾಕು, ಮಾನಿಟರ್ ಕಪ್ಪಾಗಿ, ಗ್ರಾಫಿಕ್ಸ್ ಕಾರ್ಡ್ ನಡೆಯುವುದಿಲ್ಲವೆಂಬ ಸಂದೇಶ ಬರುತ್ತಿತ್ತು. ಕಾಶೀಂಬಿಯ ಮಗಳು ಅಂಜುಮಳ ಮದುವೆ ಆಲ್ಬಂ ಅರ್ಧಕ್ಕೇ ನಿಂತಿತು.

ರೋಣದಲ್ಲಿ ಸ್ಟುಡಿಯೋ ಇಟ್ಟಿದ್ದ ಚಿಕ್ಕಪ್ಪನ ಮಗ ನಯೀಮ ಬಂದು ನೋಡಿದ. ಅವಳಿಗೆ ಈ ಕೆಲಸ ಕಲಿಸಿದವನೇ ಅವನು.

“ಈ ಕಾರ್ಡ್ ನಿನ್ನ ಸಾಫ್ಟ್‌ವೇರಿಗೆ ಹೊಂದಂಗಿಲ್ಲ. ಬ್ಯಾರೆ ಹಾಕಬೇಕು.”

“ಹಂಗಾರ ಕಾರ್ಡ್ ಅಷ್ಟ ಬಿಚ್ಚಿಕೊಂಡು ಒಯ್ಯಿ, ಅಣ್ಣಾ.”

“ಹೊಂದತೈತೋ ಇಲ್ಲೋ ಹಚ್ಚಿ ನೋಡಬೇಕಲ್ಲ? ಇಡೀ ಡಬ್ಬೀನ ಬೇಕು. ಯಾಕ, ನನ್ನ ಮ್ಯಾಲ ಭರೋಸಾ ಇಲ್ಲೇನು?”

ಫೋಟೋಗಳೆಲ್ಲ ಅದರೊಳಗೇ ಇವೆ ಎಂಬುದು ನಜ್ಮಾಳಿಗೆ ಹೊಳೆಯದೆ ಇರಲಿಲ್ಲ. ಅಣ್ಣನೆದುರು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು, ಅಷ್ಟೇ. ಹಾಳು ನಾಚಿಕೆ!

ಎರಡು ದಿನಕ್ಕೆ ಕಂಪ್ಯೂಟರ್ ಬಂತು, ಚೆನ್ನಾಗಿಯೇ ನಡೆಯಿತು. ಆಲ್ಬಂ ಮುಗಿಯಿತು.

ತಿಂಗಳ ಮೇಲೆ ಯಾರೋ ಸುದ್ದಿ ತಂದರು: ನಯೀಮನ ಸ್ಟುಡಿಯೋದ ಗಾಜಿನೊಳಗೆ ಅಂಜುಮಳ ಆಳೆತ್ತರದ ಫೋಟೋ ಇದೆಯಂತೆ. ನಜ್ಮಾ ಸಿಕ್ಕ ಬಸ್ಸು ಹತ್ತಿದಳು. ಸುದ್ದಿ ಸುಳ್ಳಾಗಿರಲಿಲ್ಲ. ಸ್ಟುಡಿಯೋದೆದುರು ಬಸ್ಸಿಗೆ ಕಾಯುವವರೆಲ್ಲ ನಿಂತು ನೋಡುತ್ತಿದ್ದರು.

“ಗಿರಾಕಿ ಬರ್ತಾರ. ನಿನ್ನ ಕೈಕೆಲಸಾನ ಅಲ್ಲೇನದು? ಖುಷಿ ಪಡು,” ಎಂದ ನಯೀಮ, ಮುಖದಲ್ಲಿ ಅಳುಕೇ ಇಲ್ಲದೆ.

“ಕಾರ್ಡಿಗೆ ಏನಾಗಿತ್ತು? ಖರೇ ಹೇಳು.”

“ಏನೂ ಇಲ್ಲ. ಅದ ಕಾರ್ಡೈತಿ ಇನ್ನೂ. ಅದನ್ನ ನಡಸೋ ಡ್ರೈವರ್ ಸಾಫ್ಟ್‌ವೇರ್ ಹಳೇದಿತ್ತು, ಹೊಸಾದು ಹಾಕಿದೆ. ಹತ್ತು ನಿಮಿಷದ ಕೆಲಸ.”

ಹತ್ತು ನಿಮಿಷ! ಅವಳ ಮನೆಯಲ್ಲೇ ಕೂತು ಮಾಡಬಹುದಾಗಿತ್ತು. ನಜ್ಮಾಳ ಮೈ ಉರಿದುಹೋಯಿತು. ಗಾಜು ಸರಿಸಿ, ಫೋಟೋ ಕಿತ್ತು ಹರಿದು, ನೇರ ಕಾಶೀಂಬಿಯ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು.

ಕಾಶೀಂಬಿ ಕೂರು ಎನ್ನಲಿಲ್ಲ. “ಬೀಗರು ನಿನ್ನೆ ದಿವಸಾನ ನಯೀಮನ್ನ ಹಿಡದು ಕೇಳ್ಯಾರ. ನನ್ನ ತಂಗಿ ನಜ್ಮಾನ ಖುದ್ದು ಫೋಟೋ ಕೊಟ್ಟಾಳ ಅಂದಾನಂತ.”

“ಅಂಜುಮಗ ಗೊತ್ತೈತಲ್ರಿ ನಾ ಎಂಥಾಕಿ ಅಂತ! ಆಕಿ ಏನಂದ್ಲು?”

“ಆಕೀನೂ ಹಂಗ ತಿಳಕೊಂಡಾಳ.”