ಎಲೆಬಳ್ಳಿಗೆ ತಂಬಾಕಿನ ನೀರು

"ಆಡು ಹಾವು ಕಡದು ಸತ್ತೈತಿ ಅಂದ್ರ ಹಾವು ಕಡದು ಸತ್ತೈತಿ! ಬಾಯಿ ಮುಚ್ಚು!" ಗುದ್ಲೆಪ್ಪ ಹೆಂಡತಿಯ ಮೇಲೆ ಗುಡುಗಿದ.

"ಹಾವಲ್ಲರಿ. ಗಡಗಿಯಾಗಿನ ತಂಬಾಕಿನ ನೀರು ಕುಡದು ಸತ್ತೈತಿ. ನನ್ನ ಕಣ್ಮುಂದ ಒದ್ದಾಡಿತು," ಎಂದಳು ಹೊಳೆವ್ವ.

ಸವಣೂರಿನ ವೀಳ್ಯದೆಲೆ ತೋಟ ಅದು. ಬಳ್ಳಿಗೆ ಹೇನು ಬಿದ್ದಿತ್ತು. ಹೋದ ವರ್ಷ ಗ್ರಾಮಸೇವಕ ಹೇನು ಕೊಲ್ಲುವ ಸರಕಾರಿ ಪುಡಿ ಹೊತ್ತು ಬಂದಾಗ ಗುದ್ಲೆಪ್ಪ ಬೇಲಿಯಿಂದಲೇ ಅವನನ್ನು ಅಟ್ಟಿದ್ದ. ಮಂದಿ ಹಸಿಯಾಗಿ ಬಾಯಿಗೆ ಹಾಕುವ ಎಲೆಗೆ ಆ ಪುಡಿ ಹೊಡೆಯುವುದು ಪಾಪ ಎಂದು ಅವನು ನಿಜವಾಗಿ ನಂಬಿದ್ದ. ತಂಬಾಕಿನ ದಂಟು ಕುದಿಸಿ, ಸೋಸಿ, ನೀರು ಬೆರೆಸಿ ಚಿಮುಕಿಸುವುದು ಅವನ ಅಪ್ಪನ ಕಾಲದ ಪದ್ಧತಿ. ಬಳ್ಳಿ ದೇವರು, ಹೆಂಗಸರು ತೋಟದೊಳಗೆ ಕಾಲಿಡುವಂತಿಲ್ಲ. ಬೇಲಿಯ ಹೊರಗೆ ಗುಡಿಸಲಿನಲ್ಲಿ ಹೊಗೆ ಕುಡಿಯುತ್ತ ಕುದಿಸುವುದಷ್ಟೇ ಅವರ ಪಾಲು.

ಕುದಿಸಿದ ದಿನವೆಲ್ಲ ಹೊಳೆವ್ವನಿಗೆ ತಲೆ ತಿರುಗುತ್ತಿತ್ತು, ವಾಂತಿಯಾಗುತ್ತಿತ್ತು. ಎರಡು ಬಸಿರು ಇಳಿದಿದ್ದವು, ಎರಡೂ ಕುದಿಸುವ ಹಂಗಾಮಿನಲ್ಲೇ. ಈಗ ಮೂರನೆಯದು ಹೊಟ್ಟೆಯಲ್ಲಿತ್ತು.

"ಈ ಹಂಗಾಮು ನಾ ಕುದಸೂದಿಲ್ಲರಿ. ಇದೊಂದು ಕೂಸರ ಉಳೀಲಿ."

ಗುಡಿಸಲಿನ ಬಾಗಿಲಿಗೆ ಅಡ್ಡ ಕೂತಿದ್ದ ಅತ್ತೆ ಫಕ್ಕೀರವ್ವ ಅಡಿಕೆ ಕಡಿಯುವುದನ್ನು ನಿಲ್ಲಿಸಿದಳು. "ಮುಟ್ಟಾದಾಗ ಬಳ್ಳಿ ಮುಟ್ಟಿರಬೇಕು ನೀ. ಬಳ್ಳಿತಾಯಿ ಬಿಡ್ತಾಳೇನು? ಈಗ ತಂಬಾಕಿನ ಮ್ಯಾಲ ಹಾಕಾಕತ್ತಿ."

"ಕುತ್ತಿಗಿ ಚಾಚಿ ಸೈತ ಒಳಗ ನೋಡಿಲ್ಲ ನಾ, ಅತ್ತಿ."

"ಗಿಡದ ಮದ್ದು ಮನಶ್ಯಾಗ ಏನ್ ಮಾಡ್ತೈತಿ?" ಎಂದ ಗುದ್ಲೆಪ್ಪ. "ನಿಮ್ಮಪ್ಪ ದವಡ್ಯಾಗ ತಂಬಾಕ ಇಟಗೊಂಡ ಮಲಗತಾನ. ಸತ್ತಾನೇನು?"

"ಹಂಗಾರ ನೀವ ಕುದಸ್ರಿ."

"ಗಂಡಸಾಗಿ ಒಲಿ ಮುಂದ ಕುಂದ್ರಲೇನು?"

ಎರಡು ಸಲ ಹೊಳೆವ್ವ ತವರೂರು ಚಿಕ್ಕೇರೂರಿಗೆ ಓಡಿಹೋಗಿದ್ದಳು. ಎರಡು ಸಲವೂ ಆ ಅಪ್ಪನೇ ಉಡಿ ತುಂಬಿ, ಚಕ್ಕಡಿ ಹತ್ತಿಸಿ, ತಿರುಗಿ ತಂದು ಬಿಟ್ಟಿದ್ದ. ಎತ್ತಿಗಾದರೂ ಬೇಸಿಗೆಯಲ್ಲಿ ನೊಗ ಇಳಿಸುತ್ತಾರೆ.

ಅವಳು ಗಡಿಗೆಯಿಂದ ಒಂದು ಸೌಟು ಕಪ್ಪು ನೀರು ತೆಗೆದು ಗಂಡನ ಮುಂದೆ ಹಿಡಿದಳು.

"ಒಂದ ಗುಟುಕು ಕುಡೀರಿ. ಕುಡದ್ರ ಸಾಯೂತನಕ ತುಟಿ ಪಿಟಕ್ಕನ್ನದ ಕುದಸ್ತೇನಿ."

"ಇಷ್ಟ ಹೌದಿಲ್ಲೋ?" ಗುದ್ಲೆಪ್ಪ ಸೌಟು ಕಸಿದುಕೊಂಡ. ತುಟಿಯ ತನಕ ಒಯ್ದ. ಅಲ್ಲಿ ಅವನ ಕೈ ನಿಂತಿತು.

ಫಕ್ಕೀರವ್ವ "ಲೇ, ಬ್ಯಾಡೋ ಮಗನ!" ಎಂದು ಕಿರುಚುತ್ತ ಎದ್ದು ಬಂದು ಅವನ ಕೈ ಹಿಡಿದಳು.

ಅವನು ಸೌಟನ್ನು ಮೆಲ್ಲಗೆ ಗಡಿಗೆಗೆ ಬಗ್ಗಿಸಿದ. ಹೆಂಡತಿಯ ಮುಖ ನೋಡದೆ, "ಒಲಿ ಆರಾಕತ್ತೈತಿ. ಕಟಗಿ ಹಾಕು," ಎಂದ.

ತಾಯಿ ಮಗ ಇಬ್ಬರಿಗೂ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಬಾಗಿಲು ಈಗ ತೆರವಾಗಿತ್ತು. ಹೊಳೆವ್ವ ಸೆರಗು ನಡುವಿಗೆ ಬಿಗಿದು ಹೊರಗೆ ನಡೆದಳು. ಹಿಂದಿನಿಂದ ಗಂಡ ಬೈದ, ಕರೆದ, ಮತ್ತೆ ಬೈದ. ಅವಳು ಬಂಕಾಪುರದ ದಾರಿ ಹಿಡಿದಳು. ಅಲ್ಲಿ ಅವಳಿಗೆ ಯಾರೂ ಇರಲಿಲ್ಲ, ತಿರುಗಿ ತಂದು ಬಿಡುವವರೂ ಇರಲಿಲ್ಲ. ಸವಣೂರಿಗೆ ಅವಳು ಮತ್ತೆ ಬರಲಿಲ್ಲ.