ಹಗ್ಗ ಕೆಳಗಿಟ್ಟ ಮೊಕ್ರಾನ್

ಹಿರಿಯನೆಂದು ನಾವೆಲ್ಲ 'ದಾ' ಎಂದು ಕರೆಯುತ್ತಿದ್ದ ಮೊಕ್ರಾನ್ ಯಾರಿಗೂ ಸಲಾಮು ಹೇಳುತ್ತಿರಲಿಲ್ಲ; ಎದುರಾದವನು ಮದುಮಗನಾಗಲಿ, ಹೆಣ ಹೊತ್ತವನಾಗಲಿ, ಮೊದಲು ಕೇಳುತ್ತಿದ್ದದ್ದು ಒಂದೇ: "ಎಷ್ಟು ಮಾರು?" ನಿನ್ನ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ಅದರ ಅರ್ಥ. ಐವತ್ತು ವರ್ಷ ಬಾವಿ ತೋಡಿದ ಮೈ. ಬಯಲಿನಲ್ಲೂ ಭುಜ ಗೋಡೆಗೆ ತಾಗೀತೆಂಬಂತೆ ಓರೆಯಾಗಿ ನಡೆಯುತ್ತಿದ್ದ. ಬೇಸಗೆಯಲ್ಲೂ ಕಂದು ಉಣ್ಣೆಯ ಬುರ್ನೂಸು ಹೊದ್ದಿರುತ್ತಿದ್ದ. ಬಾವಿಯ ಚಳಿ ಒಮ್ಮೆ ಮೂಳೆಗಿಳಿದರೆ ಮೇಲೆ ಬರುವುದಿಲ್ಲವಂತೆ. ಹೆಗಲ ಮೇಲೆ ಹಗ್ಗ, ಮಾರಿಗೊಂದು ಗಂಟು. ನೀರಿನ ಜಗಳ ಊರಸಭೆಗೆ ಬಂದರೆ ಆ ಹಗ್ಗದ ಅಳತೆಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಸೆಬಾವು ಹೊಳೆಯ ಮರಳು ಹೊರುವ ಲಾರಿ ಓಡಿಸುತ್ತಿದ್ದವನು, ಹದಿನೆಂಟು ವರ್ಷ. ನಾವು ಹೊಳೆಯನ್ನು ಅಗೆದಷ್ಟೂ ದಂಡೆಯ ಬಾವಿಗಳಲ್ಲಿ ನೀರು ಇಳಿಯಿತು. ಅದು ಇಳಿದಷ್ಟೂ ಮುದುಕ ತೋಡಿಕೊಟ್ಟ. ಹಗ್ಗಕ್ಕೆ ಹೊಸ ಗಂಟು ಬಿತ್ತು. ಸೇತುವೆಯ ಕಾಲುಗಳ ಬುಡ ಬೆತ್ತಲಾಯಿತು, ದಡದ ಮರಗಳು ಒಣಗಿ ಹೊಳೆಗೇ ಉರುಳಿದವು. ಆದರೂ ಕೊಡ ತುಂಬುತ್ತಿತ್ತಲ್ಲ, ಯಾರೂ ಏನೂ ಕೇಳಲಿಲ್ಲ.

ಒಂದು ವರ್ಷ ಅಂಜೂರ ಹಣ್ಣಾಗುವ ಮೊದಲೇ ಊರಬಾವಿ ಬತ್ತಿತು. ತೋಡಿಕೊಡು ಎಂದು ಸಭೆ ಕೇಳಿದಾಗ ಅವನು ಹಗ್ಗವನ್ನು ಸಭೆಯ ಕಲ್ಲುಹಾಸಿನ ಮೇಲಿಟ್ಟ.

"ಹನ್ನೊಂದು ಗಂಟು. ನಮ್ಮಪ್ಪ ಕೊಟ್ಟಾಗ ಆರಿತ್ತು. ಇನ್ನು ನಾನಿಳಿಯಲ್ಲ."

"ವಯಸ್ಸಾಯ್ತು ಅನ್ನಿ ದಾ, ನಾಚ್ಕೆ ಯಾಕೆ?" ಎಂದು ಯಾರೋ ನಕ್ಕರು.

"ಮರಳೇ ಹೊಳೆಯ ನೀರು ಹಿಡಿಯೋ ಗಡಿಗೆ ಕಣ್ರಪ್ಪಾ. ಗಡಿಗೆ ಮಾರ್ಕೊಂಡು ಬಂದು ನೀರು ತೋರ್ಸು ಅಂತೀರ. ಇಷ್ಟು ವರ್ಷ ತೋರಿಸ್ದೆ, ಅದೇ ನನ್ನ ತಪ್ಪು. ಮೊದಲ್ನೇ ಸಲಾನೇ ಇಳೀದೆ ಇದ್ದಿದ್ರೆ ಅವತ್ತೇ ನಿಮಗೆ ಬಾಯಾರ್ತಿತ್ತು, ಅಗೆಯೋದೂ ನಿಲ್ತಿತ್ತು. ಈ ಬೆಲಾಯಿದ್ ಲಾರಿ ನಿಲ್ಲಲಿ, ಇಳೀತೀನಿ," ಎಂದು ನನ್ನತ್ತ ಕೈ ತೋರಿಸಿದ.

ನನಗೆ ಪಿತ್ತ ನೆತ್ತಿಗೇರಿತು. ಕಾಫಿಲೋಟ ಗೋಡೆಗೆ ಎಸೆದೆ. "ನಿಮ್ಮನೆ ಗೋಡೆ ಯಾವ ಮರಳಲ್ಲಿ ಎದ್ದಿದ್ದು, ದಾ?"

"ನೀನೇ ತಂದಿದ್ದಲ್ವೇನೋ," ಎಂದ, ದಣಿದ ದನಿಯಲ್ಲಿ. "ಅದಕ್ಕೇ ನಿನ್ನೊಬ್ಬನ್ನೇ ಬೈತಿಲ್ಲ."

ಬತ್ತಿದ ತನ್ನ ಮನೆಯ ಬಾವಿಯನ್ನೂ ಅವನು ಮುಟ್ಟಲಿಲ್ಲ. ಅವನ ಹೆಂಡತಿ ಜೆಜಿಗಾ ಬೆಟ್ಟದ ಊಟೆಯಿಂದ ನೀರು ಹೊರುತ್ತ, ದಾರಿಯುದ್ದಕ್ಕೂ ಕೇಳುವಂತೆ ಅನ್ನುತ್ತಿದ್ದಳು: "ಹಟ ಅವರ್ದು, ಕೊಡ ನಂದು!" ಊರವರು ಪಟ್ಟಣದಿಂದ ಕೊರೆಯುವ ಯಂತ್ರ ತಂದರು. ಎರಡು ಬೇಸಗೆ ನೀರು ಬಂತು, ಆಮೇಲೆ ಕೆಸರು, ಆಮೇಲೆ ಗಾಳಿ.

ನನ್ನ ಲಾರಿಯೂ ನಿಂತಿತು. ಬುದ್ಧಿ ಬಂದು ನಿಂತದ್ದಲ್ಲ. ಹೊಳೆಯಲ್ಲಿ ಜೇಡಿ ಮತ್ತು ಬಂಡೆ ಬಿಟ್ಟು ಎತ್ತಲು ಏನೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಮುದುಕ ಓರೆ ನಡಿಗೆಯಲ್ಲಿ ಬಂದು ಕಲ್ಲುಹಾಸಿನ ಮೇಲಿಂದ, ಅಂದಿನಿಂದ ಯಾರೂ ಮುಟ್ಟದಿದ್ದ ಹಗ್ಗ ಎತ್ತಿಕೊಂಡ. ಕೊಟ್ಟ ಮಾತು ಕೊಟ್ಟದ್ದೇ. ಊರಬಾವಿಗೆ ಇಳಿದ. ಮೇಲೆ ಹಗ್ಗ ಹಿಡಿದವನು ನಾನು. ಗಂಟುಗಳು ಒಂದೊಂದಾಗಿ ನನ್ನ ಅಂಗೈ ಸವರಿ ಹೋದವು.

"ಎಷ್ಟು ಮಾರು, ದಾ?" ಎಂದು ಕೂಗಿದೆ.

ಕೊನೆಯ ಗಂಟೂ ಕೈ ದಾಟಿತು.

"ಹಗ್ಗ ಮುಗೀತು ಕಣೋ. ಮೇಲೆತ್ತು."

ಕೆಡಿಸುವ ನನ್ನಂಥವರು ಊರಿಗೆ ಹತ್ತು ಜನ, ಬೈದರೆ ಮುಗಿಯಿತು. ಕೆಟ್ಟದ್ದಕ್ಕೆ ತೇಪೆ ಹಾಕಿ, ಇನ್ನೊಂದು ವರ್ಷ ಬದುಕಬಹುದೆಂದು ನಮ್ಮನ್ನು ನಂಬಿಸುತ್ತ ಬರುವವರೋ ಒಳ್ಳೆಯವರು, ಅವರನ್ನು ಬೈಯುವವರಿಲ್ಲ. ತಮ್ಮ ಒಳ್ಳೆಯತನದ ನೆರಳಿನಲ್ಲೇ ಕೇಡು ಬೆಳೆಯಿತೆಂದು ಅವರಿಗೆ ಅರಿವಾಗುವ ಹೊತ್ತಿಗೆ, ಇಳಿಯಲು ಮನಸ್ಸಿದ್ದರೂ ಕೈಯಲ್ಲಿ ಅಷ್ಟು ಉದ್ದದ ಹಗ್ಗ ಇರುವುದಿಲ್ಲ.